ಮಳೆ ನಕ್ಷತ್ರದ ಗಾದೆಗಳಿಗೆ ಅಚ್ಚುಮೊಳೆ: 60 ಪ್ರತಿಗಳ ಕೈಪುಸ್ತಿಕೆಯೊಂದರ ಪ್ರಯೋಗ

ಬಸವನಹಳ್ಳಿಯವ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ.

ಕಡೂರು ಸೀಮೆಯಲ್ಲಿ ಹುಟ್ಟಿ ಬೆಳೆದ ನಮ್ಮ ಅಜ್ಜಿಯ ಬಾಯಲ್ಲಿ ಪ್ರತಿಯೊಂದು ಮಳೆಗೂ ಒಂದು ಗಾದೆ ಇರುತ್ತಿತ್ತು. ರೋಹಿಣಿಯಿಂದ ಸ್ವಾತಿಯವರೆಗಿನ ಹನ್ನೆರಡು ಮಳೆಗಳಿಗೆ ಹನ್ನೆರಡು ಪುಟ, ಹಿಂದೆ ಮುಂದೆ ಎರಡೆರಡು ಪುಟ, ಒಟ್ಟು 16 ಪುಟಗಳ ಪುಸ್ತಿಕೆಯೊಂದನ್ನು ಕೈಕಾಗದದ ಮೇಲೆ ಅಚ್ಚುಮೊಳೆಯಲ್ಲಿ (ಒಂದೊಂದು ಅಕ್ಷರಕ್ಕೂ ಒಂದೊಂದು ಲೋಹದ ತುಂಡು ಜೋಡಿಸಿ) ಮುದ್ರಿಸಿ, ಕೈಯಲ್ಲೇ ಹೊಲಿದು, ನೆಂಟರಿಷ್ಟರಿಗೆ ಹಂಚಲು 60 ಪ್ರತಿ ಮಾಡಬೇಕೆಂದು ಹೊರಟಿದ್ದೇನೆ. ಡಿಟಿಪಿ ಮಾಡಿಸಿ ಜೆರಾಕ್ಸ್ ಅಂಗಡಿಗೆ ಕೊಟ್ಟರೆ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸವಿದು ಎಂಬುದು ನನಗೆ ಗೊತ್ತಿದೆ. ಮನೆಯವರು ದಿನಕ್ಕೊಮ್ಮೆ ನೆನಪಿಸುತ್ತಲೂ ಇದ್ದಾರೆ.

ನಮ್ಮ ಬಡಾವಣೆಯ ಹಳೆಯ ಪ್ರೆಸ್ಸೊಂದರಲ್ಲಿ ಕಾಲಿನಿಂದ ತುಳಿಯುವ ಟ್ರೆಡಲ್ ಯಂತ್ರ ಇನ್ನೂ ಇದೆ. ಈಗ ಅದು ಬಿಲ್ ಪುಸ್ತಕಗಳಿಗೆ ನಂಬರ್ ಹಾಕುವುದಕ್ಕೆ, ಹರಿಯುವ ಗೆರೆಗೆ ತೂತು ಹೊಡೆಯುವುದಕ್ಕೆ, ಮದುವೆ ಕಾರ್ಡಿಗೆ ಮಡಿಕೆ ಗೆರೆ ಒತ್ತುವುದಕ್ಕೆ ಮಾತ್ರ ಬಳಕೆಯಾಗುತ್ತಿದೆ. ಹಿಂದಿನ ಕೋಣೆಯಲ್ಲಿ ಮೊಳೆಯ ಕೇಸುಗಳು, ಅಂದರೆ ಅಕ್ಷರಕ್ಕೊಂದು ಖಾನೆಯಿರುವ ಪೆಟ್ಟಿಗೆಗಳು, ಧೂಳು ಹಿಡಿದು ಕುಳಿತಿವೆ. ಯಜಮಾನರು ದೊಡ್ಡ ಮನಸ್ಸು ಮಾಡಿ ಭಾನುವಾರಗಳಂದು ನನಗೆ ಬಿಟ್ಟುಕೊಟ್ಟಿದ್ದಾರೆ.

24 ಪಾಯಿಂಟಿನ (ದೊಡ್ಡ ಅಳತೆಯ) ಮೊಳೆಗಳು ಮಳೆಯ ಹೆಸರುಗಳಿಗೆ ಧಾರಾಳವಾಗಿ ಸಾಕು. ಆದರೆ ಒಳಗಿನ ಬರಹಕ್ಕೆಂದು ಆರಿಸಿಕೊಂಡ 12 ಪಾಯಿಂಟಿನಲ್ಲಿ ಅಕ್ಷರಗಳು ಅರೆಬರೆ ಇವೆ. ಪ್ರತಿ ಪುಟದಲ್ಲೂ ಗಾದೆಯ ಕೆಳಗೆ ಏಳೆಂಟು ಸಾಲಿನ ವಿವರಣೆಯನ್ನು ಇಡಬೇಕೆಂದಿದ್ದೆ. ಎರಡನೆಯ ವಿವರಣೆ ಮುಗಿಯುವ ಮುನ್ನವೇ ದೀರ್ಘದ ಮೊಳೆಗಳು ಖಾಲಿಯಾದವು. ಆರಿದ್ರಾ ಮಳೆಯ ಗಾದೆಯಂತೂ ನನ್ನನ್ನು ಸಾಕುಮಾಡಿದೆ. ಅಜ್ಜಿಯ ಮಾತಿನಲ್ಲಿ ಅದು ‘ಆದ್ರೆ ಆರಿದ್ರ, ಇಲ್ದಿದ್ರೆ ದರಿದ್ರ’. ಈ ಒಂದು ಸಾಲಿಗೆ ನಾಲ್ಕು ರ ಒತ್ತು ಬೇಕು, ಕೇಸಿನಲ್ಲಿರುವುದು ಮೂರು. ಗ್ರಾಂಥಿಕವಾಗಿ ‘ಆದರೆ ಆರಿದ್ರಾ, ಇಲ್ಲದಿದ್ದರೆ ದಾರಿದ್ರ್ಯ’ ಎಂದು ಬದಲಾಯಿಸಿದರೆ ರ ಒತ್ತು ಎರಡೇ ಸಾಕು, ಆದರೆ ‘ದ್ರ್ಯ’ದಲ್ಲಿ ಒಂದರ ಪಕ್ಕ ಒಂದು ಒತ್ತು ಕೂತು ಪದದ ನಡುವೆ ಹಲ್ಲು ಬಿದ್ದಂತೆ ಕಾಣುತ್ತದೆ.

ಮುದ್ರಣದ್ದು ಇನ್ನೊಂದು ಪಾಡು. 150 ಜಿಎಸ್‌ಎಂ ಕೈಕಾಗದದ ಮೇಲೆ ತೆಗೆದ ಮೊದಲ ಪ್ರೂಫಿನಲ್ಲಿ (ಪರೀಕ್ಷೆಯ ಅಚ್ಚಿನಲ್ಲಿ) ಅಕ್ಷರಗಳು ಅಲ್ಲಲ್ಲಿ ಮಸಿ ಹಿಡಿಯದೆ ಬೋಳಾಗಿದ್ದವು. ಮಸಿ ಹೆಚ್ಚಿಸಿದೆ, ‘ಥ’ದ ಹೊಟ್ಟೆಯೊಳಗಿನ ಚುಕ್ಕೆ ಮುಚ್ಚಿ ‘ಧ’ ಆಯಿತು. ಒತ್ತಡ ಹೆಚ್ಚಿಸಿದೆ, ಕಾಗದದ ಬೆನ್ನ ಮೇಲೆ ಅಕ್ಷರಗಳು ಬೊಬ್ಬೆಗಳಂತೆ ಎದ್ದವು. ಅನುಭವಿಗಳು ದಾರಿ ತೋರಿಸಬೇಕೆಂದು ಕೋರುತ್ತೇನೆ. ಪ್ರೂಫಿನ ಚಿತ್ರವನ್ನು ಲಗತ್ತಿಸಿದ್ದೇನೆ.

ಹಳೆಯ ಕಂಪೋಸಿಟರ್, ಹಾಸನ

ಬಸವನಹಳ್ಳಿಯವರಿಗೆ ನಮಸ್ಕಾರ. ನಾನು ಹದಿನೇಳನೆಯ ವಯಸ್ಸಿನಲ್ಲಿ ಸ್ಟಿಕ್ (ಮೊಳೆ ಜೋಡಿಸುವ ಕೈಪಟ್ಟಿ) ಹಿಡಿದವನು. ಪ್ರೆಸ್ಸುಗಳಿಗೆ ಮೊಳೆ ಬೇಡದ ಆಫ್‌ಸೆಟ್ ಬರುವವರೆಗೂ ಅದೇ ಅನ್ನ ಹಾಕಿತು. ತಮ್ಮ ಪ್ರೂಫನ್ನು ದೊಡ್ಡದು ಮಾಡಿ ನೋಡಿದೆ. ಜೋಡಣೆ ಹೊಸಬರ ಕೈಗೆ ತಕ್ಕಮಟ್ಟಿಗೆ ಚೆನ್ನಾಗಿಯೇ ಇದೆ. ಕೆಟ್ಟಿರುವುದು ಮೊಳೆಯಲ್ಲ, ಪ್ಯಾಕಿಂಗು.

ಒತ್ತುವ ತಟ್ಟೆಯ ಮೇಲೆ ಮೆತ್ತನೆಯ ರಟ್ಟನ್ನೋ ಬಟ್ಟೆಯನ್ನೋ ಹಾಕಿರುವಿರೆಂದು ಕಾಣುತ್ತದೆ. ಅದನ್ನು ತೆಗೆದುಹಾಕಿ, ನಾಲ್ಕೈದು ಹಾಳೆ ನಯವಾದ ಗಟ್ಟಿ ಕಾಗದವನ್ನು ಬಿಗಿಯಾಗಿ ಎಳೆದು ಕಟ್ಟಿ. ಮೆತ್ತೆಯಿದ್ದಲ್ಲಿ ಮೊಳೆಯು ಕಾಗದವನ್ನು ತಳ್ಳಿಕೊಂಡು ಒಳಗೆ ಇಳಿಯುತ್ತದೆ. ಆಗ ಮೊಳೆಯ ಮುಖದ ಜೊತೆಗೆ ಅದರ ಇಳಿಜಾರಿನ ಅಂಚಿನಲ್ಲಿರುವ ಮಸಿಯೂ ಕಾಗದಕ್ಕೆ ಹತ್ತುತ್ತದೆ. ‘ಥ’ದ ಚುಕ್ಕೆ ಮುಚ್ಚುವುದಕ್ಕೂ, ‘ಭ’ದ ಸೀಳು ಮುಚ್ಚಿ ‘ಬ’ ಆಗುವುದಕ್ಕೂ ಮಸಿ ಎಷ್ಟು ಕಾರಣವೋ ಇದೂ ಅಷ್ಟೇ ಕಾರಣ. ಬೋಳಾಗಿರುವ ಜಾಗಗಳಿಗೆಂದು ಇಡೀ ಫಾರಂನ (ಒಮ್ಮೆಗೆ ಅಚ್ಚಾಗುವಂತೆ ಜೊತೆಗೆ ಬಿಗಿದ ಪುಟಗಳ) ಒತ್ತಡವನ್ನು ಹೆಚ್ಚಿಸಬೇಡಿ. ಪ್ರೂಫನ್ನು ಮಗುಚಿ ಬೆಳಕಿಗೆ ಓರೆಯಾಗಿ ಹಿಡಿದರೆ ಎಲ್ಲಿ ಒತ್ತಡ ಸಾಲದೆಂಬುದು ಕಾಣುತ್ತದೆ. ಅಷ್ಟಗಲಕ್ಕೆ ಮಾತ್ರ ಟಿಶ್ಯೂ ಕಾಗದದ ತುಂಡನ್ನು ಹರಿದು, ಕತ್ತರಿಸದೆ ಹರಿದು, ಪ್ಯಾಕಿಂಗಿನ ಒಳಪದರಕ್ಕೆ ಅಂಟಿಸಿ. ಕತ್ತರಿಸಿದ ಅಂಚು ಅಚ್ಚಿನಲ್ಲಿ ಗೆರೆಯಾಗಿ ತೋರುತ್ತದೆ. ನಮ್ಮ ಕಾಲದಲ್ಲಿ ಒಂದು ಫಾರಂಗೆ ಈ ಕೆಲಸವೇ ಅರ್ಧ ದಿನ ಹಿಡಿಯುತ್ತಿತ್ತು, ಮುದ್ರಣ ಒಂದು ಗಂಟೆಯಲ್ಲಿ ಮುಗಿಯುತ್ತಿತ್ತು.

ರೋಲರುಗಳನ್ನೂ ನೋಡಿಕೊಳ್ಳಿ. ಮೊಳೆಯ ಎತ್ತರ 0.918 ಅಂಗುಲ. ರೋಲರು ಅದಕ್ಕಿಂತ ಕೆಳಗೆ ಇಳಿದು ಉಜ್ಜಿದರೂ ಅಕ್ಷರದ ಹೊಟ್ಟೆ ತುಂಬುತ್ತದೆ.

ಈಗ ಮೊಳೆ ಸಾಲದ ವಿಷಯ. ಹನ್ನೆರಡು ಪುಟಗಳನ್ನು ಒಟ್ಟಿಗೆ ಕಟ್ಟಿ ನಿಲ್ಲಿಸುವಷ್ಟು ಮೊಳೆ ಸಣ್ಣ ಪ್ರೆಸ್ಸುಗಳಲ್ಲಿ ಎಂದೂ ಇರಲಿಲ್ಲ. ಎರಡು ಪುಟ ಕಟ್ಟಿ, ಅಚ್ಚು ಹಾಕಿ, ತೊಳೆದು, ಮೊಳೆಗಳನ್ನು ಮರಳಿ ಖಾನೆಗಳಿಗೆ ಹಂಚಿ, ಅವುಗಳಲ್ಲೇ ಮುಂದಿನ ಎರಡನ್ನು ಕಟ್ಟುವುದು ವಾಡಿಕೆ. ಯಾವ ಯಾವ ಪುಟ ಜೊತೆಗೆ ಬರುತ್ತದೆಂದು ಮೊದಲು ಬರೆದುಕೊಂಡು, ಆ ಜೋಡಿಗೆ ಬೇಕಾದ ಅಕ್ಷರಗಳ ಲೆಕ್ಕ ಹಾಕಿ.

ರ ಒತ್ತಿನ ಬಗ್ಗೆ ಒಂದು ಮಾತು. ಮೂರೇ ಇವೆ ಎಂದು ಖಾನೆ ನೋಡಿ ಹೇಳುತ್ತಿದ್ದೀರೋ, ಇಡೀ ಕೇಸು ನೋಡಿ ಹೇಳುತ್ತಿದ್ದೀರೋ? ಸಂಜೆ ಆರರ ಮೇಲೆ, ನಿದ್ದೆಗಣ್ಣಿನ ಹುಡುಗರು ಮೊಳೆ ಹಂಚುವಾಗ ಒತ್ತುಗಳನ್ನು ಪಕ್ಕದ ಖಾನೆಗೆ ಎಸೆಯುವುದು ಮಾಮೂಲು. ಬೈಸಿಕೊಂಡವರಲ್ಲಿ ನಾನೂ ಒಬ್ಬ. ಅಕ್ಕಪಕ್ಕದ ಖಾನೆಗಳನ್ನು ಕಾಗದದ ಮೇಲೆ ಸುರಿದು ಹುಡುಕಿ. ಅಜ್ಜಿಯ ಮಾತನ್ನು ಮೊಳೆಗಾಗಿ ತಿದ್ದಬೇಡಿ.

ಖಾನೆಗಳಲ್ಲಿ ಮೊಳೆಯ ಮೇಲೆ ಬಿಳಿಯ ಹುಡಿ ಇದ್ದರೆ ಬಾಯಿಂದ ಊದಬಾರದು. ಮೊಳೆಯೆಂದರೆ ಸೀಸ, ಆಂಟಿಮನಿ, ತವರ ಬೆರೆಸಿ ಎರಕ ಹೊಯ್ದದ್ದು. ಮಲೆನಾಡಿನ ತೇವಕ್ಕೆ, ಮರದ ಪೆಟ್ಟಿಗೆಯ ಹುಳಿ ಆವಿಗೆ ಆ ಸೀಸವೇ ಬೂದಿಯಂತಾಗಿರುತ್ತದೆ, ಅದು ವಿಷ. ಒದ್ದೆ ಬಟ್ಟೆಯಲ್ಲಿ ಒರೆಸಿ, ಕೈ ತೊಳೆಯದೆ ಕಾಫಿ ಲೋಟ ಮುಟ್ಟಬೇಡಿ.

ಡಿಟಿಪಿ ಅಂಗಡಿಯವ, ಅರಸೀಕೆರೆ

ಹಿರಿಯರ ಮಾತಿಗೆ ಎದುರಾಡುತ್ತಿಲ್ಲ. ಆದರೂ ವಿವರಣೆಯ ಭಾಗಕ್ಕೆ ಪಾಲಿಮರ್ ಪ್ಲೇಟ್ ಮಾಡಿಸಬಹುದೆಂದು ಸೂಚಿಸುತ್ತೇನೆ. ಕಂಪ್ಯೂಟರಿನಲ್ಲಿ ಪುಟ ಕಟ್ಟಿ, ನೆಗೆಟಿವ್ ಫಿಲ್ಮ್ ತೆಗೆಸಿ, ಅದರ ಮೂಲಕ ನೇರಳಾತೀತ ಬೆಳಕು ಹಾಯಿಸಿದರೆ ಬೆಳಕು ಬಿದ್ದ ಭಾಗ ಗಟ್ಟಿಯಾಗಿ, ಉಳಿದದ್ದು ನೀರಿನಲ್ಲಿ ತೊಳೆದುಹೋಗುತ್ತದೆ. ಉಬ್ಬಿ ನಿಂತ ಅಕ್ಷರವನ್ನು ಮೊಳೆಯ ಎತ್ತರಕ್ಕೆ ಬರುವಂತೆ ದಪ್ಪ ಲೋಹದ ಹಲಗೆಯ ಮೇಲೆ ಅಂಟಿಸಿದರೆ ಅದೇ ಟ್ರೆಡಲಿನಲ್ಲಿ ಮುದ್ರಿಸಬಹುದು. ಬೆಂಗಳೂರಿನಲ್ಲಿ ಮದುವೆ ಕಾರ್ಡಿನ ಬ್ಲಾಕ್ ಮಾಡುವವರಿಗೆ ಕಳಿಸಿದರೆ ಕೊರಿಯರಿನಲ್ಲಿ ಬರುತ್ತದೆ.

ಎರಡು ಎಚ್ಚರಿಕೆಗಳಿವೆ. ಫೈಲನ್ನು ಕಳಿಸುವ ಮುನ್ನ ಅಕ್ಷರಗಳನ್ನೆಲ್ಲ ಕರ್ವ್ಸ್ ಆಗಿ, ಅಂದರೆ ಫಾಂಟ್ ಬೇಡದ ರೇಖಾಚಿತ್ರಗಳಾಗಿ, ಬದಲಾಯಿಸಿ. ನಾನೊಮ್ಮೆ ಹಾಗೆಯೇ ಕಳಿಸಿದ್ದಕ್ಕೆ, ಅಲ್ಲಿನ ಕಂಪ್ಯೂಟರಿನಲ್ಲಿ ಕನ್ನಡದ ಫಾಂಟ್ ಇಲ್ಲದೆ, ‘ವಧೂವರರನ್ನು’ ಎಂಬಲ್ಲಿ ನ ಒತ್ತು ಕಳಚಿ ಪಕ್ಕಕ್ಕೆ ಬಂದು ಕೂತಿತ್ತು. ಬ್ಲಾಕಿನ ದುಡ್ಡು ನನ್ನ ತಲೆಗೆ ಬಂತು. ಇನ್ನೊಂದು, ಪರದೆಯ ಮೇಲೆ ಚೆಂದ ಕಾಣುವ ತೆಳುಗೆರೆಯ ಫಾಂಟುಗಳನ್ನು ಆರಿಸಬೇಡಿ. ಪ್ಲೇಟು ತೊಳೆಯುವಾಗ ತೆಳುವಾದ ಒತ್ತಕ್ಷರಗಳು ಕಿತ್ತುಹೋಗುತ್ತವೆ.

ಅಚ್ಚುಪ್ರೇಮಿ, ಬೇಲೂರು

ಪ್ಲೇಟು ಹಾಕುವುದಾದರೆ ಇಷ್ಟೆಲ್ಲ ಪಾಡು ಏಕೆ ಎಂದು ಕೇಳಬೇಕಾಗುತ್ತದೆ. ಕಂಪ್ಯೂಟರಿನಲ್ಲಿ ಬರೆದದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಉಬ್ಬಿಸಿ ಒತ್ತುವುದನ್ನು ಮೊಳೆಯ ಅಚ್ಚು ಎಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ. ಹಾಗೆಯೇ, ಬೆರಳಾಡಿಸಿದರೆ ಅಕ್ಷರದ ಗುಳಿ ಸಿಗಬೇಕು. ಈಗಿನ ಒಳ್ಳೆಯ ಮದುವೆ ಕಾರ್ಡುಗಳಲ್ಲಿ ಅದಕ್ಕೇ ಅಲ್ಲವೇ ಜನ ಹೆಚ್ಚು ದುಡ್ಡು ಕೊಡುವುದು? ಕಾಗದವನ್ನು ಮುಟ್ಟಿಯೂ ಮುಟ್ಟದಂತೆ ಒತ್ತುವುದಾದರೆ ಆಫ್‌ಸೆಟ್ ಏನು ಪಾಪ ಮಾಡಿತ್ತು?

ನಿವೃತ್ತ ಮೇಷ್ಟ್ರು, ತರೀಕೆರೆ

ಬೇಲೂರಿನವರ ಪಟ್ಟು ನನಗೆ ಅರ್ಥವಾಗುತ್ತದೆ, ಆದರೆ ಕನ್ನಡ ಮುದ್ರಣದ ಚರಿತ್ರೆ ಅವರ ಬೆಂಬಲಕ್ಕೆ ಬರಲಾರದು. ಕನ್ನಡದ ಮೊದಲ ಪತ್ರಿಕೆಯೆಂದು ನಾವು ಮಕ್ಕಳಿಗೆ ಪಾಠ ಹೇಳಿದ, 1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ವು ಮೊಳೆಯಲ್ಲಿ ಅಚ್ಚಾದದ್ದಲ್ಲ, ಅದು ಕಲ್ಲಚ್ಚು. ಕಲ್ಲಚ್ಚಿನಲ್ಲಿ ಕೈಬರಹವೇ ಅಚ್ಚಿಗೆ ಇಳಿಯುವುದರಿಂದ ಒತ್ತಿನ ಮೊಳೆ ಸಾಲದೆಂಬ ಚಿಂತೆಯೇ ಇರಲಿಲ್ಲ. ಅದಕ್ಕೂ ಮುಂಚೆ, 1817ರಲ್ಲಿ, ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ ದೂರದ ಬಂಗಾಳದ ಶ್ರೀರಾಂಪುರದಲ್ಲಿ ಮೊಳೆಯಲ್ಲಿಯೇ ಅಚ್ಚಾಗಿತ್ತು. ಕಲ್ಲಿನಿಂದ ಕೆಲಸ ಆರಂಭಿಸಿದ ಮಂಗಳೂರಿನ ಬಾಸೆಲ್ ಮಿಷನ್ನಿನವರು 1894ರ ಹೊತ್ತಿಗೆ ಕಿಟ್ಟೆಲರ ನಿಘಂಟನ್ನು ಮೊಳೆಯಲ್ಲಿ ಹೊರತಂದರು. ಕೈಗೆ ಸಿಕ್ಕಿದ ವಿಧಾನದಲ್ಲಿ ಕೆಲಸ ಮಾಡಿದವರೇ ನಮಗೆ ಓದಲು ಪುಸ್ತಕ ಕೊಟ್ಟವರು. ಬಸವನಹಳ್ಳಿಯವರು ಒಂದು ಪುಟಕ್ಕೆ ಪ್ಲೇಟು ಬಳಸಿದರೆ ಆಕಾಶ ಕಳಚಿ ಬೀಳುವುದಿಲ್ಲ.

ಹಳೆಯ ಕಂಪೋಸಿಟರ್, ಹಾಸನ

ಬೆರಳಿಗೆ ಗುಳಿ ಸಿಗಬೇಕೆಂಬುದು ಇತ್ತೀಚಿನ ಶೋಕಿ. ಪುಟದ ಹಿಂಬದಿಯನ್ನು ಸವರಿದಾಗ ಒತ್ತಿದ ಗುರುತು ಕೈಗೆ ಹತ್ತಿದರೆ ನಮ್ಮ ಫೋರ್‌ಮನ್ನರು ಹಾಳೆಯನ್ನು ಮುಖದ ಮೇಲೆ ಎಸೆಯುತ್ತಿದ್ದರು. ಕಾರ್ಡಿನಲ್ಲಿ ಆಳವಾಗಿ ಒತ್ತಬಹುದು, ಅದರ ಹಿಂಬದಿ ಖಾಲಿ. ಪುಸ್ತಕದ ಹಾಳೆಗೆ ಎರಡು ಮುಖ. ಅಲ್ಲದೆ ಹಾಗೆ ಒತ್ತಿದರೆ ಮೊಳೆ ಸವೆಯುತ್ತದೆ, ಮೊದಲು ಮುರಿಯುವುದು ಒತ್ತಕ್ಷರದ ತುದಿಗಳು. ಆ ಮೊಳೆಗಳನ್ನು ಮತ್ತೆ ಎರಕ ಹೊಯ್ದು ಕೊಡುವವರು ಈಗ ಯಾರಿದ್ದಾರೆ? ಬೇಲೂರಿನವರಿಗೆ ಗುಳಿಯೇ ಬೇಕಿದ್ದರೆ ಪ್ಲೇಟಿನಲ್ಲಿ ಒತ್ತಿಕೊಳ್ಳಲಿ, ಅದು ಹಾಳಾದರೆ ಇನ್ನೊಂದು ಬರುತ್ತದೆ. ಎರವಲು ಮೊಳೆಗೆ ಆ ಶಿಕ್ಷೆ ಬೇಡ.

ಕಾಗದದ ಕೆಲಸದವಳು, ಸಕಲೇಶಪುರ

ನಾನು ಹತ್ತು ವರ್ಷದಿಂದ ಕೈಕಾಗದದಲ್ಲಿ ನೋಟ್‌ಬುಕ್ ಹೊಲಿಯುತ್ತಿದ್ದೇನೆ. ಮುದ್ರಣದ ಒಳಸುಳಿ ತಿಳಿಯದು, ಕಾಗದ ಮತ್ತು ಪುಟದ ಲೆಕ್ಕದ ಬಗ್ಗೆ ಹೇಳಬಲ್ಲೆ.

ಕೈಕಾಗದ ಸಾಮಾನ್ಯವಾಗಿ 22×30 ಅಂಗುಲದ ಹಾಳೆಯಾಗಿ ಬರುತ್ತದೆ. ಅದನ್ನು 7.5×11 ಅಂಗುಲದ ಎಂಟು ತುಂಡು ಮಾಡಿ ಒಂದೊಂದನ್ನು ನಡುವೆ ಮಡಿಸಿದರೆ 5.5×7.5 ಅಂಗುಲದ ಪುಟ ಸಿಗುತ್ತದೆ, ಒಂದು ತುಂಡಿನಲ್ಲಿ ನಾಲ್ಕು ಪುಟ. ನಿಮ್ಮ 16 ಪುಟಕ್ಕೆ ನಾಲ್ಕು ತುಂಡು ಬೇಕು, ಅಂದರೆ ಒಂದು ದೊಡ್ಡ ಹಾಳೆಗೆ ಎರಡು ಪುಸ್ತಿಕೆ. 60 ಪ್ರತಿಗೆ 30 ಹಾಳೆ. ಕೆಡುವುದಕ್ಕೆಂದು ಇನ್ನು ಐದು ಸೇರಿಸಿ 35 ತಂದುಕೊಳ್ಳಿ. ಕತ್ತರಿಯಿಂದ ಕತ್ತರಿಸದೆ, ಮಡಿಸಿದ ಗೆರೆಯನ್ನು ಸ್ಟೀಲ್ ಚಮಚದ ಬೆನ್ನಿನಿಂದ ತೀಡಿ, ಸ್ಕೇಲಿಟ್ಟು ಹರಿಯಿರಿ. ಹರಿದ ಅಂಚು ಕೈಕಾಗದದ ಸಹಜ ಅಂಚಿಗೆ ಹೊಂದುತ್ತದೆ.

ಒಂದರೊಳಗೊಂದು ಸೇರಿಸಿ ಹೊಲಿಯುವುದರಿಂದ ಅಕ್ಕಪಕ್ಕ ಅಚ್ಚಾಗುವ ಎರಡು ಪುಟಗಳ ಮೊತ್ತ ಯಾವಾಗಲೂ 17 ಆಗಿರುತ್ತದೆ. ಹೊರಗಿನ ತುಂಡಿನಲ್ಲಿ 16 ಮತ್ತು 1, ಅದರ ಹಿಂಬದಿಗೆ 2 ಮತ್ತು 15. ಮೂರನೆಯ ಪುಟದ ರೋಹಿಣಿಯ ಜೊತೆಗೆ ಹದಿನಾಲ್ಕನೆಯ ಪುಟದ ಸ್ವಾತಿ. ಎಂಟು ಮತ್ತು ಒಂಬತ್ತರ ಆಶ್ಲೇಷಾ, ಮಘಾ ಮಾತ್ರ ಓದುವಾಗಲೂ ಅಕ್ಕಪಕ್ಕ, ಅಚ್ಚಿನಲ್ಲೂ ಅಕ್ಕಪಕ್ಕ.

ಇದನ್ನು ಬರೆಯುವಾಗ ಒಂದು ಹೊಳೆಯಿತು. ವಿವರಣೆಯನ್ನೆಲ್ಲ ಪುಟಪುಟಕ್ಕೂ ಇಡುವ ಬದಲು 2 ಮತ್ತು 15ನೆಯ ಪುಟಕ್ಕೆ ಒಟ್ಟು ಮಾಡಿದರೆ ಹೇಗೆ? ಅವೆರಡೂ ಒಂದೇ ಫಾರಂನಲ್ಲಿ ಬರುತ್ತವೆ. ಅದೊಂದಕ್ಕೆ ಮಾತ್ರ ಅರಸೀಕೆರೆಯವರು ಹೇಳಿದ ಪ್ಲೇಟು ಮಾಡಿಸಿ, ಗಾದೆಗಳನ್ನು ಮೊಳೆಯಲ್ಲೇ ಕಟ್ಟಬಹುದು. ಗಾದೆಯ ಸುತ್ತ ಬಿಳಿ ಜಾಗವೂ ಉಳಿಯುತ್ತದೆ.

ಕಾಗದವನ್ನು ತುಸು ತೇವ ಮಾಡಿ ಮುದ್ರಿಸಿದರೆ ಕಡಿಮೆ ಒತ್ತಡದಲ್ಲೇ ಮಸಿ ಹಿಡಿಯುತ್ತದೆ. ಬೇಸಿಗೆಯಲ್ಲಾದರೆ ಹಿಂಡಿದ ಬಟ್ಟೆಯಲ್ಲಿ ಸುತ್ತಿ ರಾತ್ರಿಯಿಡೀ ಪ್ಲಾಸ್ಟಿಕ್ ಚೀಲದಲ್ಲಿಡಬೇಕು. ಈ ಆಷಾಢದಲ್ಲಿ ನಮ್ಮೂರಿನಲ್ಲಂತೂ ಕಪಾಟಿನಿಂದ ತೆಗೆದ ಹಾಳೆಯೇ ಹಪ್ಪಳದ ಹಿಟ್ಟಿನಂತೆ ಮೆತ್ತಗಿರುತ್ತದೆ. ನೀವು ಬೇರೆ ತೇವ ಮಾಡಿದರೆ ಮೂರು ದಿನಕ್ಕೆ ಬೂಷ್ಟು ಹಿಡಿಯುತ್ತದೆ. ತೇವ ಮಾಡಿದ್ದೇ ಆದರೆ ಒಂದೇ ದಿನ ಎರಡೂ ಮುಖ ಮುಗಿಸಿ, ಒಣಗಿದ ಮೇಲೆ ಹಾಳೆ ಕುಗ್ಗಿ ಹಿಂದು ಮುಂದಿನ ಪುಟಗಳು ಸರಿಹೊಂದುವುದಿಲ್ಲ. ಮಸಿ ಎಣ್ಣೆಯದಾದ್ದರಿಂದ ಗಾಳಿಯಲ್ಲಿ ನಿಧಾನವಾಗಿ ಗಟ್ಟಿಯಾಗಬೇಕು. ಮಳೆಗಾಲದಲ್ಲಿ ಒಂದು ವಾರವಾದರೂ ಹಗ್ಗಕ್ಕೆ ನೇತುಹಾಕಿ, ಆಮೇಲೆಯೇ ಮಡಿಸಿ.

ಹೊಲಿಗೆಗೆ ಮೂರು ತೂತು ಸಾಕು, ಮೇಣ ಸವರಿದ ದಾರದಲ್ಲಿ ನಡುವಿನ ತೂತಿನಿಂದ ಶುರುಮಾಡಿ ನಡುವೆಯೇ ಗಂಟು. ರಕ್ಷಾಪುಟ ಅಂಟಿಸುವುದಾದರೆ ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿ ಕುದಿಸುವುದು ಹಳೆಯ ಬೈಂಡರುಗಳ ಕ್ರಮ, ಹುಳ ತಿನ್ನುವುದಿಲ್ಲ. ಮೈಲುತುತ್ತದ ಬೋರ್ಡೋ ದ್ರಾವಣ ಸಿಂಪಡಿಸುವ ನಮ್ಮ ಕಾಫಿ ಸೀಮೆಯಲ್ಲಿ ಅದನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಆದರೆ ಅಡುಗೆಯ ಪಾತ್ರೆಯಲ್ಲಿ ಕುದಿಸಬೇಡಿ.

ಬಸವನಹಳ್ಳಿಯವ, ಚಿಕ್ಕಮಗಳೂರು

ಐದು ಭಾನುವಾರಗಳ ನಂತರ ವರದಿ ಒಪ್ಪಿಸುತ್ತಿದ್ದೇನೆ.

ಸಕಲೇಶಪುರದ ಅಕ್ಕ ಹೇಳಿದಂತೆ ವಿವರಣೆಯನ್ನೆಲ್ಲ ಅರ್ಧಕ್ಕಿಳಿಸಿ 2 ಮತ್ತು 15ಕ್ಕೆ ಸೇರಿಸಿ ಒಂದೇ ಪ್ಲೇಟು ಮಾಡಿಸಿದೆ. ಗಾದೆಗಳಷ್ಟೂ ಮೊಳೆಯಲ್ಲಿ. ಕೆಡುವುದಕ್ಕೆ ಹತ್ತು ಸೇರಿಸಿ 70 ಪ್ರತಿಯಂತೆ, ಎಂಟು ಫಾರಂಗೆ 560 ಬಾರಿ ಟ್ರೆಡಲ್ ತುಳಿಯಬೇಕಿತ್ತು; ಆರು ಫಾರಂ ಮುಗಿದಿವೆ. ಬಲಗಾಲಿನ ಮೀನಖಂಡದ ವಿಷಯ ಇಲ್ಲಿ ಬೇಡ.

ಪ್ಯಾಕಿಂಗ್ ಬದಲಾಯಿಸಿದ ದಿನವೇ ಅರ್ಧ ಕಷ್ಟ ತೀರಿತು. ಹಳೆಯ ಕ್ಯಾಲೆಂಡರಿನ ಹಾಳೆಗಳು ಅದಕ್ಕೆ ಹೇಳಿ ಮಾಡಿಸಿದಂತಿದ್ದವು. ‘ಥ’ದ ಚುಕ್ಕೆ ಈಗ ಚುಕ್ಕೆಯಾಗಿಯೇ ಇದೆ. ನಡುವೆ ಒಂದು ಅನಾಹುತವನ್ನೂ ಹೇಳಿಬಿಡುತ್ತೇನೆ: ಮೃಗಶಿರಾ–ಚಿತ್ತಾ ಪುಟಗಳನ್ನು ಚೇಸಿಗೆ (ಕಬ್ಬಿಣದ ಚೌಕಟ್ಟಿಗೆ) ಬಿಗಿದೆನೆಂದು ನಂಬಿ ಎತ್ತಿದಾಗ, ಒಂದು ಸಾಲು ಸಡಿಲವಿದ್ದುದರಿಂದ ನಡುವಿನ ಮೊಳೆಗಳು ಒಂದೊಂದಾಗಿ, ಆಮೇಲೆ ಒಟ್ಟಿಗೆ, ನೆಲಕ್ಕೆ ಸುರಿದವು. ಯಜಮಾನರು ಏನೂ ಹೇಳಲಿಲ್ಲ. ಚಹಾ ತರಿಸಿ, ಚೇಸಿನ ಒಂದು ಮೂಲೆಯ ಕೆಳಗೆ ಮರದ ಚೂರಿಟ್ಟು, ಬೆರಳಿನಿಂದ ಸಾಲುಸಾಲಾಗಿ ಒತ್ತಿ ನೋಡುವುದನ್ನು ತೋರಿಸಿಕೊಟ್ಟರು. ಸಡಿಲವಿದ್ದ ಮೊಳೆ ಬೆರಳಿಗೆ ಕುಣಿಯುತ್ತದೆ.

ನಾಲ್ಕನೆಯ ರ ಒತ್ತು ಸಿಕ್ಕಿತು. ಹಾಸನದ ಹಿರಿಯರು ಹೇಳಿದಂತೆ ಪಕ್ಕದ ಖಾನೆಗಳನ್ನು ಸುರಿದೆ, ಇರಲಿಲ್ಲ. ಕೊನೆಗೆ ಅದು ಅಲ್ಪವಿರಾಮಗಳ ನಡುವೆ, ಅಲ್ಪವಿರಾಮದಂತೆಯೇ ಮಲಗಿತ್ತು. ಆರಿದ್ರಾ ಪುಟ ಅಜ್ಜಿ ಹೇಳಿದಂತೆಯೇ ಅಚ್ಚಾಗಿದೆ. ನಡುವಿನ ಹಾಳೆಯ ಚಿತ್ರವನ್ನು ಹಾಕಿದ್ದೇನೆ, ಎಡಕ್ಕೆ ಆಶ್ಲೇಷಾ, ಬಲಕ್ಕೆ ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು’.

ಹಳೆಯ ಕಂಪೋಸಿಟರ್, ಹಾಸನ

ಚೆನ್ನಾಗಿ ಬಂದಿದೆ, ಮಸಿ ಎಲ್ಲೆಡೆ ಒಂದೇ ಸಮನಾಗಿದೆ. ‘ಆಶ್ಲೇಷಾ’ ಎಂಬಲ್ಲಿ ಮಾತ್ರ ಇನ್ನೊಮ್ಮೆ ಕಣ್ಣಾಡಿಸಿ. ‘ಶ್ಲೇ’ಗೆ ಮೂರು ಮೊಳೆ: ಶೆ, ಅದರ ಮಗ್ಗುಲಿಗೆ ಲ ಒತ್ತು, ಆಮೇಲೆ ದೀರ್ಘ. ತಮ್ಮ ಲ ಒತ್ತು ತಲೆಕೆಳಗಾಗಿ ಕೂತಿದೆ. ಮೊಳೆಯ ಮೈಮೇಲಿನ ಗೀರು ಸಾಲಿನ ಉಳಿದೆಲ್ಲ ಮೊಳೆಗಳ ಗೀರಿನೊಂದಿಗೆ ಒಂದೇ ಗೆರೆಯಲ್ಲಿ ಬರಬೇಕು, ಸಣ್ಣ ಒತ್ತುಗಳಲ್ಲಿ ಅದನ್ನು ಬೆರಳಿನಿಂದಲೇ ತಿಳಿಯಬೇಕು.

ಬಸವನಹಳ್ಳಿಯವ, ಚಿಕ್ಕಮಗಳೂರು

ಸರ್, ತಾವು ಬರೆದದ್ದನ್ನು ಓದಿದ ಮೇಲೆಯೇ ನನಗೆ ಕಂಡದ್ದು. ಫಾರಂ ಇನ್ನೂ ಬಿಚ್ಚಿರಲಿಲ್ಲ, ಚೇಸಿನ ಬಿಗಿ ಸಡಿಲಿಸಿ ಚಿಮುಟದಲ್ಲಿ ಒತ್ತನ್ನು ಎತ್ತಿ ತಿರುಗಿಸಿ ಕೂರಿಸಿದೆ. ಅಷ್ಟರಲ್ಲಿ 22 ಹಾಳೆಗಳು ಅಚ್ಚಾಗಿದ್ದವು. ಹೆಚ್ಚುವರಿಯ ಹತ್ತನ್ನು ಕಳೆದರೂ ಹನ್ನೆರಡು ಪ್ರತಿಗೆ ಕೊರತೆ ಬೀಳುತ್ತದೆ. ಕಾಗದ ಇನ್ನೂ ಎರಡು ದೊಡ್ಡ ಹಾಳೆ ಉಳಿದಿದೆ, ಅದರಲ್ಲಿ ಹದಿನಾರು ತುಂಡು. ಮುಂದಿನ ಭಾನುವಾರ ಮೊದಲು ಅದನ್ನೇ ಮುಗಿಸುತ್ತೇನೆ. ತಲೆಕೆಳಗಾದ ಒತ್ತಿನ ಹಾಳೆಯೊಂದನ್ನು ತಮಗೆ ಅಂಚೆಯಲ್ಲಿ ಕಳಿಸಲೇ?

ಹಳೆಯ ಕಂಪೋಸಿಟರ್, ಹಾಸನ

ಕಳಿಸಿ. ಹಿಂಬದಿಯನ್ನು ಸವರಿ ನೋಡಬೇಕಾಗಿದೆ.